ವಾರ್ಡಿನಲ್ಲಿ ಕಲಿಯುವ ವೈದ್ಯ

ಊರ್ಡಿಗೆರೆ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ತುಮಕೂರು. ನಗರದ ಅಗಳಕೋಟೆಯಲ್ಲಿ 1988ರಲ್ಲಿ ಶುರುವಾದ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿದೆ. ಶಿರಾ ರಸ್ತೆಯಲ್ಲಿ 2013ರಿಂದ ಶ್ರೀದೇವಿ ಕಾಲೇಜು ನಡೆಯುತ್ತಿದೆ. ಎರಡೂ ಖಾಸಗಿ. ಇಂಥ ಕಾಲೇಜುಗಳ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆದವರಿಗೆ ಒಂದು ಅನುಭವ ತಪ್ಪಿದ್ದಲ್ಲ: ಬೆಳಗಾದರೆ ಬಿಳಿ ಕೋಟಿನ ಗುಂಪು ಮಂಚದ ಸುತ್ತ ನಿಲ್ಲುತ್ತದೆ, ನಿನ್ನೆ ಯಾರೋ ಕೇಳಿದ್ದನ್ನೇ ಇವತ್ತು ಇನ್ಯಾರೋ ಕೇಳುತ್ತಾರೆ. ರೋಗಿಗೆ ರೇಜಿಗೆ. ಆ ಹುಡುಗರಿಗೋ ಅದೇ ಪಾಠ.

ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಮೊದಲ ವರ್ಷ ಬಹುಪಾಲು ಅಂಗರಚನೆ, ಶರೀರಕ್ರಿಯೆ, ಜೀವರಸಾಯನ. ಎರಡನೇ ವರ್ಷದಿಂದ ಬೆಳಗಿನ ಹೊತ್ತು ಮೂರು ಗಂಟೆ ಕಾಲ ವಾರ್ಡಿಗೆ ಮೀಸಲು. ಅದಕ್ಕೆ ‘ಪೋಸ್ಟಿಂಗ್’ ಎನ್ನುತ್ತಾರೆ. ಕೆಲವು ವಾರ ಮೆಡಿಸಿನ್, ಕೆಲವು ವಾರ ಸರ್ಜರಿ, ಮುಂದೆ ಹೆರಿಗೆ, ಮಕ್ಕಳ ವಿಭಾಗ.

ಅಲ್ಲಿ ಮೊದಲು ಕಲಿಯಬೇಕಾದ್ದು ಕೇಳುವುದನ್ನು. ಕೆಮ್ಮು ಎಷ್ಟು ದಿನದಿಂದ? ಕಫದಲ್ಲಿ ರಕ್ತ ಬಂತೇ? ಬೀಡಿ ಸೇದುತ್ತೀರಾ? ಆಮೇಲೆ ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿದರೆ ರಕ್ತಹೀನತೆಯ ಸುಳಿವು ಸಿಗುತ್ತದೆ. ಎಡಗೈಯ ನಡುಬೆರಳನ್ನು ರೋಗಿಯ ಎದೆಯ ಮೇಲೆ ಒತ್ತಿಟ್ಟು, ಬಲಗೈಯ ನಡುಬೆರಳ ತುದಿಯಿಂದ ಅದರ ಮೇಲೆ ಬಡಿಯಬೇಕು. ಮಣಿಕಟ್ಟು ಮಾತ್ರ ಆಡಬೇಕು. ಗಾಳಿ ತುಂಬಿದ ಶ್ವಾಸಕೋಶ ಗುಂಯ್‌ಗುಡುತ್ತದೆ, ನೀರು ತುಂಬಿದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಎದೆ ತಟ್ಟಿ ಸದ್ದಿನಿಂದ ರೋಗ ಗುರುತಿಸುವ ಉಪಾಯವನ್ನು 1761ರಲ್ಲಿ ಬರೆದಿಟ್ಟವನು ವಿಯೆನ್ನಾದ ವೈದ್ಯ ಔಎನ್‌ಬ್ರುಗ್ಗರ್. ಸ್ಕ್ಯಾನಿಂಗ್ ಬಂದರೂ ಈ ಕಲೆಯನ್ನು ಕೈಬಿಟ್ಟಿಲ್ಲ. ಬಿಡಲೂಬಾರದು, ಎಲ್ಲ ಹೋಬಳಿಯಲ್ಲೂ ಸ್ಕ್ಯಾನಿಂಗ್ ಯಂತ್ರ ಇರುವುದಿಲ್ಲವಲ್ಲ!

ನಿಜವಾದ ಅಗ್ನಿಪರೀಕ್ಷೆ ಕೇಸ್ ಪ್ರೆಸೆಂಟೇಷನ್. ರೋಗಿಯ ಕಥೆಯನ್ನು ಪ್ರೊಫೆಸರ್ ಮುಂದೆ ಒಪ್ಪಿಸಬೇಕು. ‘ಹೊಟ್ಟೆನೋವು’ ಎಂದರೆ ಸಾಲದು. ಹೊಟ್ಟೆಯ ಯಾವ ಭಾಗ, ಊಟಕ್ಕೆ ಮುಂಚೆಯೋ ನಂತರವೋ, ಬೆನ್ನಿಗೆ ಹರಿಯುತ್ತದೆಯೋ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಕೇಳದೆ ಬಂದವರು ಮಂಚದ ಬಳಿಗೆ ವಾಪಸ್.

2019ರಲ್ಲಿ ಪಠ್ಯಕ್ರಮ ಬದಲಾಗಿ, ರೋಗಿಯ ಪರಿಚಯ ಮೊದಲ ವರ್ಷದಲ್ಲೇ ಆಗತೊಡಗಿತು. ರೋಗಿಯ ಜೊತೆ ಹೇಗೆ ಮಾತಾಡಬೇಕು, ಒಪ್ಪಿಗೆ ಹೇಗೆ ಪಡೆಯಬೇಕು ಎಂಬುದಕ್ಕೂ ತರಗತಿ ಬಂತು. ಹೊರಗಿನಿಂದ ಬಂದವರಿಗೆ ಸ್ಥಳೀಯ ಭಾಷೆಯ ಪಾಠವೂ ಉಂಟು. ಆಮೇಲೆ ಕುಟುಂಬ ದತ್ತು ಯೋಜನೆ ಸೇರಿತು: ವಿದ್ಯಾರ್ಥಿ ಹಳ್ಳಿಯ ಕೆಲವು ಮನೆಗಳನ್ನು ವಹಿಸಿಕೊಂಡು, ಬಿಪಿ, ಸಕ್ಕರೆ, ಕುಡಿಯುವ ನೀರು, ಮಕ್ಕಳ ಲಸಿಕೆಯ ಲೆಕ್ಕ ಇಡಬೇಕು. ಚೆನ್ನಾದ ಯೋಚನೆ, ಆದರೆ ಬಂದವರು ಫಾರಂ ತುಂಬಿ ಹೊರಟರೆ ಮನೆಯವರಿಗೆ ಏನು ದಕ್ಕೀತು? ಒಂದೇ ಅಜ್ಜಿಯ ಬಿಪಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ವಿದ್ಯಾರ್ಥಿಗೆ, ಮಾತ್ರೆ ನಡುವೆ ಏಕೆ ನಿಂತಿತೆಂಬುದು ತಿಳಿಯುತ್ತದೆ. ವಾರ್ಡಿನಲ್ಲಿ ಅದು ಗೊತ್ತಾಗುವುದು ಕಷ್ಟ.

ಇಂಟರ್ನ್‌ಶಿಪ್ ಹೊತ್ತಿಗೆ, ಜನರ ಬಾಯಲ್ಲಿ ‘ಹೌಸ್ ಸರ್ಜನ್’ ಆದ ಮೇಲೆ, ಪ್ರಶ್ನೆ ಕೇಳಿ ಹೊರಡುವ ಸ್ವಾತಂತ್ರ್ಯ ಇರುವುದಿಲ್ಲ. ರಕ್ತ ತೆಗೆಯುವುದು, ಹೊಲಿಗೆ ಹಾಕುವುದು, ರಾತ್ರಿ ಡ್ಯೂಟಿ ಎಲ್ಲಕ್ಕೂ ಕೈಹಾಕಬೇಕು, ಹಿರಿಯರ ಕಣ್ಣೆದುರು. ಸಮುದಾಯ ವೈದ್ಯಕೀಯಕ್ಕೂ ಅದರಲ್ಲಿ ಪಾಲಿದೆ. ಆ ವರ್ಷದುದ್ದಕ್ಕೂ ಅವರ ಬಳಿ ಇರುವುದು ತಾತ್ಕಾಲಿಕ ನೋಂದಣಿ. ಆ ವರ್ಷ ಮುಗಿದ ಮೇಲಷ್ಟೇ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಶಾಶ್ವತ ನೋಂದಣಿ.