ಯಾರ ಮಾತಿಗೆ ಯಾರ ನಗು

ಟಿವಿಯ ಮಾತುಕತೆ ಕಾರ್ಯಕ್ರಮಗಳಲ್ಲಿ ಅತಿಥಿಗಳು ಬಂದುಹೋಗುತ್ತಾರೆ, ನಿರೂಪಕ ಉಳಿಯುತ್ತಾನೆ. ದಿನವೂ ನೋಡುವವರಿಗೆ ಅವನ ಹುಬ್ಬು ಮೇಲೇರಿದರೆ ಸಾಕು, ಜೋಕು ಬರುವ ಮೊದಲೇ ನಗು. ಮೊದಲ ಸಲ ನೋಡುವವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಹಾಸ್ಯದ ಅಭಿರುಚಿ ಎಂದು ಜನ ವಾದಿಸುವುದರಲ್ಲಿ ದೊಡ್ಡ ಪಾಲು ಈ ಪರಿಚಯದ್ದೇ.

ಅಮೆರಿಕದಲ್ಲಿ ತಡರಾತ್ರಿಯ ಹೊತ್ತು ಇಂಥ ನಿರೂಪಕರಿಗೆ ಮೀಸಲು. ‘ಟುನೈಟ್ ಷೋ’ವನ್ನು ಜಾನಿ ಕಾರ್ಸನ್ 1962ರಿಂದ 1992ರವರೆಗೆ ನಡೆಸಿದರು. ಅವರು ಇಳಿದ ಮೇಲೆ ಆ ಜಾಗ ಜೇ ಲೆನೊ ಪಾಲಾಯಿತು. ಅದರ ಮೇಲೆ ಆಸೆಯಿಟ್ಟಿದ್ದ ಡೇವಿಡ್ ಲೆಟರ್‌ಮನ್ 1993ರಲ್ಲಿ ಎದುರಾಳಿ ವಾಹಿನಿ ಸೇರಿದರು. ಪ್ರೇಕ್ಷಕರಲ್ಲೂ ಎರಡು ಪಂಗಡವಾಯಿತು. ಲೆನೊ ಅವರದು ದಿನದ ಸುದ್ದಿ ಹಿಡಿದು ಎಲ್ಲರಿಗೂ ತಿಳಿಯುವಂತೆ ಒಂದರ ಹಿಂದೊಂದು ಜೋಕು. ಲೆಟರ್‌ಮನ್ ತಮ್ಮ ಕಾರ್ಯಕ್ರಮವನ್ನೇ, ಒಮ್ಮೊಮ್ಮೆ ಅತಿಥಿಯನ್ನೇ ಗೇಲಿ ಮಾಡುವವರು. ಶೇಖರ್ ಸುಮನ್ 1997ರಲ್ಲಿ ‘ಮೂವರ್ಸ್ ಅಂಡ್ ಷೇಕರ್ಸ್’ ಮೂಲಕ ಈ ಅಚ್ಚನ್ನು ಹಿಂದಿಗೆ ತಂದರು. ಕನ್ನಡದಲ್ಲಿ ಅದು ಬೇರೂರಲಿಲ್ಲ. ರಾಜಕಾರಣಿಗಳನ್ನು ಚುಚ್ಚುವ ಕೆಲಸವನ್ನು ಇಲ್ಲಿ ಬಹುಕಾಲ ನಾಟಕವೇ ಮಾಡುತ್ತಿತ್ತು. ‘ಲಂಚಾವತಾರ’ದ ನಡುವೆ ಮಾಸ್ಟರ್ ಹಿರಣ್ಣಯ್ಯ ಅಂದಂದಿನ ರಾಜಕೀಯಕ್ಕೆ ಕೈಹಾಕುತ್ತಿದ್ದ ಬಗೆಯನ್ನು ಯಾವ ಕನ್ನಡ ವಾಹಿನಿಯೂ ದಿನಕ್ಕೊಮ್ಮೆ ಎಂಬಂತೆ ಕೊಟ್ಟಿಲ್ಲ.

ಕೋಲಾರದ ಚಿನ್ನದ ಗಣಿ ಪ್ರದೇಶ ಮತ್ತು ಬಂಗಾರಪೇಟೆಯಲ್ಲಿ ಈ ರುಚಿಭೇದ ಸ್ಪಷ್ಟವಾಗಿ ಕಾಣುವಂಥದ್ದು. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಕೂಲಿಕಾರರು ಬಂದರು. ಚಾಂಪಿಯನ್ ರೀಫ್, ಮಾರಿಕುಪ್ಪಂ ಸಾಲುಮನೆಗಳಲ್ಲಿ ತಮಿಳು ನೆಲೆಯಾಯಿತು. ಸುತ್ತಲ ಹಳ್ಳಿಗಳಲ್ಲಿ ಕನ್ನಡ, ತೆಲುಗು ಎರಡೂ ಇದ್ದವು. ಸನ್ ಟಿವಿ 1993ರಲ್ಲಿ, ಉದಯ ಟಿವಿ 1994ರಲ್ಲಿ, ಈಟಿವಿ 1995ರಲ್ಲಿ ಶುರುವಾದ ಮೇಲೆ ಮೂರು ಭಾಷೆಯ ನಗು ಒಂದೇ ಕೇಬಲ್ಲಿನಲ್ಲಿ ಬರತೊಡಗಿತು.

ತಮಿಳಿನವರ ಪಟ್ಟಿಮಂಡ್ರಂನಲ್ಲಿ ಎರಡು ಬಣಗಳು ವಾದ ಮಾಡುತ್ತವೆ, ನಡುವೆ ಕೂತವರು ತೀರ್ಪು ಕೊಡುತ್ತಾರೆ. ಮದುರೆಯ ನಿವೃತ್ತ ಪ್ರಾಧ್ಯಾಪಕ ಸಾಲಮನ್ ಪಾಪಯ್ಯ ಊರಮಾತಿನ ಧಾಟಿಯಲ್ಲೇ ನಗಿಸಿದರೆ, ದಿಂಡಿಗಲ್ ಲಿಯೋನಿ ವಾದದ ನಡುವೆ ಸಿನಿಮಾ ಹಾಡು ಎತ್ತುತ್ತಾರೆ. ಉದಯದ ‘ಹರಟೆ’ ಇದರ ಒಡಹುಟ್ಟು. ಆದರೆ ಹಿರೇಮಗಳೂರು ಕಣ್ಣನ್ ಅವರ ನಡುಗನ್ನಡ ನೆನಪು, ಕೃಷ್ಣೇಗೌಡರ ಹಳ್ಳಿಯ ಕಥೆ, ರಿಚರ್ಡ್ ಲೂಯಿಸ್, ಸುಧಾ ಬರಗೂರು ಅವರ ಮಾತಿನ ವರಸೆಗೆ ನಗಲು ಕನ್ನಡದ ಒಳದನಿ ಗೊತ್ತಿರಬೇಕು.

‘ಮಜಾ ಟಾಕೀಸ್’ ಇನ್ನೂ ಒಳ್ಳೆಯ ಉದಾಹರಣೆ. 2015ರಲ್ಲಿ ಶುರುವಾದ ಆ ಕಾರ್ಯಕ್ರಮದ ನಿರೂಪಕ ಸೃಜನ್ ಲೋಕೇಶ್. ಅಲ್ಲಿ ವರಲಕ್ಷ್ಮಿಯಾಗಿ ಬರುತ್ತಿದ್ದವರು ಅಪರ್ಣಾ. ದೂರದರ್ಶನದಲ್ಲಿ ತಿದ್ದಿತೀಡಿದ ಕನ್ನಡಕ್ಕೆ ಹೆಸರಾಗಿದ್ದ ಅವರು, ಇಂಗ್ಲಿಷ್ ಬೆರೆಸಿ ಬೀಗುವ ಹೆಂಗಸಾದದ್ದೇ ಅರ್ಧ ತಮಾಷೆ. ಸನ್ ಟಿವಿ ನೋಡಿಯೇ ಬೆಳೆದ, ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆಯ ಪ್ರೇಕ್ಷಕರಿಗೆ ಆ ಅರ್ಧ ದಕ್ಕುವುದು ಕಷ್ಟ. ಮಿಕ್ಕರ್ಧ ವೇಷಭೂಷಣ, ಸದ್ದುಗದ್ದಲ. ರಮೇಶ್ ಅರವಿಂದ್ ಅವರ ವಿಷಯ ಬೇರೆ. ‘ಸತಿ ಲೀಲಾವತಿ’ಯಂಥ ತಮಿಳು ಚಿತ್ರಗಳಲ್ಲಿ ಅವರನ್ನು ಕಂಡವರಿಗೆ 2014ರ ‘ವೀಕೆಂಡ್ ವಿತ್ ರಮೇಶ್’ ಅಪರಿಚಿತವಲ್ಲ. ಅತಿಥಿಯನ್ನು ನೋಯಿಸದ ಅವರ ಮೆಲುನಗೆ ಕೆಲವರಿಗೆ ಸಪ್ಪೆ, ಹಲವರಿಗೆ ಹಿತ. ತೆಲುಗಿನಲ್ಲಿ ಇದರ ತದ್ವಿರುದ್ಧ ನಂದಮೂರಿ ಬಾಲಕೃಷ್ಣ. 2021ರಲ್ಲಿ ಆರಂಭವಾದ ‘ಅನ್‌ಸ್ಟಾಪಬಲ್’ನಲ್ಲಿ ಅತಿಥಿಗಿಂತ ನಿರೂಪಕರದೇ ಆರ್ಭಟ.

ಕೋಲಾರದ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿದ ಮೇಲೆ ಗಣಿ ಪ್ರದೇಶದ ಸಾವಿರಾರು ಜನ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುತ್ತಾರೆ. ರಾತ್ರಿ ಮನೆ ಸೇರುವಷ್ಟರಲ್ಲಿ ಕಾರ್ಯಕ್ರಮ ಮುಗಿದಿದ್ದರೂ ಅದರ ತುಣುಕುಗಳು ಮೊಬೈಲಿನಲ್ಲಿ ಸಿಗುತ್ತವೆ. ಎರಡು ನಿಮಿಷದ ತುಣುಕಿನಲ್ಲಿ ಲಿಯೋನಿಯ ಹಾಡು, ಬಾಲಕೃಷ್ಣರ ಅಬ್ಬರ ಸಲೀಸಾಗಿ ನಿಲ್ಲುತ್ತವೆ. ನಿಧಾನವಾಗಿ ಕಟ್ಟುವ ಕೃಷ್ಣೇಗೌಡರ ಕಥೆಗೆ ಅಷ್ಟು ಸಮಯ ಸಾಲುವುದಿಲ್ಲ.