ಅಂಜುದೀವ: ಕಣ್ಣೆದುರು ಕಾರವಾರ, ಕಾಗದದಲ್ಲಿ ಗೋವಾ!

ಬಿಣಗಾ ಕಡಲ ದಂಡೆಯಲ್ಲಿ ನಿಂತವನ ಕಣ್ಣಿಗೆ ಮೊದಲು ಬೀಳುವುದೇ ಅಂಜುದೀವದ ಗುಡ್ಡ. ವಿಸ್ತೀರ್ಣ ಲೆಕ್ಕ ಹಾಕಿದರೆ ಒಂದೂವರೆ ಚದರ ಕಿಲೋಮೀಟರು. ಮೊದಲು ಹುಟ್ಟು ಹಾಕಿ ದೋಣಿಯಲ್ಲೇ ಹೋಗಿ ಬರುತ್ತಿದ್ದ ದೂರ. ಆದರೆ ಸರ್ಕಾರಿ ದಫ್ತರದಲ್ಲಿ ಅದು ಕಾರವಾರ ತಾಲೂಕಿನದ್ದಲ್ಲ, ಉತ್ತರ ಕನ್ನಡ ಜಿಲ್ಲೆಯದ್ದೂ ಅಲ್ಲ. ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ ಎಲ್ಲಾ ದಾಟಿ ಗೋವಾ ಗಡಿಯಾಚೆ ಇರುವ ಕಾಣಕೋಣ ತಾಲೂಕಿಗೆ ಸೇರಿದ್ದು! ನಮ್ಮ ಅಂಗಳದಲ್ಲಿರುವ ತೆಂಗಿನ ಮರ ಪಕ್ಕದೂರಿನವನ ಪಹಣಿಯಲ್ಲಿ ಇದ್ದ ಹಾಗೆ.

ಇದು ಹೇಗಾಯ್ತು ಎಂದು ಕೇಳಿದರೆ ಐನೂರು ವರ್ಷ ಹಿಂದಕ್ಕೆ ಹೋಗಬೇಕು.

ಫಿರಂಗಿಗಳು ಬರುವುದಕ್ಕೆ ಮೊದಲು ಇಲ್ಲಿ ಆರ್ಯಾದುರ್ಗೆಯ ಸ್ಥಾನವಿತ್ತು, ಪರಂಗಿಯವರ ಕಾಟಕ್ಕೆ ದೇವಿಯನ್ನು ಅಂಕೋಲೆಗೆ ತಂದರು ಎಂಬುದು ಈ ಕಡೆಯ ಜನರ ನಂಬಿಕೆ. ಅಂಕೋಲೆಯಲ್ಲಿ ಆರ್ಯಾದುರ್ಗೆಯ ಗುಡಿ ಇವತ್ತಿಗೂ ಇದೆ. 1498ರಲ್ಲಿ ಕಲ್ಲಿಕೋಟೆಯಿಂದ ವಾಪಸು ಹೊರಟ ವಾಸ್ಕೋ ಡ ಗಾಮ ಹಡಗಿನ ತಳ ಕೆರೆಸಲಿಕ್ಕೆ, ಸಿಹಿನೀರು ತುಂಬಿಸಿಕೊಳ್ಳಲಿಕ್ಕೆ ಇಲ್ಲೇ ಲಂಗರು ಹಾಕಿದ. ಸ್ನೇಹದ ಮಾತಾಡುತ್ತ ಬಂದ ಯಹೂದಿಯೊಬ್ಬನನ್ನು ಗೋವೆಯ ಗೂಢಚಾರನೆಂದು ಹಿಡಿದು, ಹೊಡೆದು, ಹಡಗಿಗೆ ಹಾಕಿಕೊಂಡು ಹೋದ. ಆಸಾಮಿ ಜಾಣ. ಮುಂದೆ ಗಾಸ್ಪರ್ ಡ ಗಾಮ ಎಂದು ಹೆಸರು ಬದಲಿಸಿಕೊಂಡು ಪೋರ್ಚುಗೀಜರಿಗೇ ದುಭಾಷಿಯಾದ.

1505ರಲ್ಲಿ ವೈಸರಾಯ್ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದ. ಕಟ್ಟಿದ್ದನ್ನು ಮರುವರ್ಷವೇ ತಾವೇ ಕೆಡವಿ ಹೋದರು. ಆಮೇಲೆ ಬಹಳ ಕಾಲ ನಡುಗಡ್ಡೆಗೆ ಹೇಳುವವರು ಕೇಳುವವರು ಇರಲಿಲ್ಲ.

ಇಂಗ್ಲೀಷರ ಪಾಡಂತೂ ಇಲ್ಲಿ ನಾಯಿಪಾಡಾಯಿತು. ಪೋರ್ಚುಗೀಜ್ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ ಎರಡನೇ ಚಾರ್ಲ್ಸ್ ದೊರೆಗೆ ಬಳುವಳಿಯಾಗಿ ಮುಂಬಯಿ ಸಿಕ್ಕಿತು. ಅದನ್ನು ವಶಕ್ಕೆ ಪಡೆಯಲು 1662ರಲ್ಲಿ ಹಡಗಿನಲ್ಲಿ ದಂಡು ಬಂತು. ಮುಂಬಯಿಯ ಪೋರ್ಚುಗೀಜ್ ಅಧಿಕಾರಿಗಳು "ಕಾಗದ ಸರಿಯಿಲ್ಲ" ಎಂದು ತಕರಾರು ತೆಗೆದು ಬಾಗಿಲು ಹಾಕಿದರು. (ಕಾಗದ ಸರಿಯಿಲ್ಲ ಎನ್ನುವ ರೋಗ ಆಗಲೂ ಇತ್ತು, ನೋಡಿ.) ಹೋಗಲು ಜಾಗವಿಲ್ಲದ ಸರ್ ಅಬ್ರಹಾಂ ಶಿಪ್‌ಮನ್ ತನ್ನ ಜನರನ್ನು ಅಂಜುದೀವದಲ್ಲಿ ಇಳಿಸಿದ. ಮಳೆ, ಜ್ವರ, ಹೊಟ್ಟೆಗಿಲ್ಲದ ಸ್ಥಿತಿ. ಎರಡು ವರ್ಷಕ್ಕೂ ಮಿಕ್ಕಿ ಕಾದರು. 1664ರಲ್ಲಿ ಶಿಪ್‌ಮನ್ ತಾನೂ ಸತ್ತ. 1665ರಲ್ಲಿ ಹಂಫ್ರಿ ಕುಕ್ ಹೋಗಿ ಮುಂಬಯಿ ಪಡೆಯುವ ಹೊತ್ತಿಗೆ ನೂರಾರು ಸಿಪಾಯಿಗಳ ಪೈಕಿ ಜೀವಂತ ಉಳಿದವರು ನೂರರ ಆಸುಪಾಸು. ಮುಂಬಯಿಯ ಚರಿತ್ರೆ ಹೇಳುವವರು ಕಾರವಾರದ ಕಡಲಲ್ಲಿ ಸತ್ತ ಈ ಬಡಪಾಯಿಗಳ ಸುದ್ದಿ ಎತ್ತುವುದು ಕಮ್ಮಿ.

ಶಿವಾಜಿಯ ಮಗ ಸಂಭಾಜಿಗೂ ಈ ನಡುಗಡ್ಡೆಯ ಮೇಲೆ ಕಣ್ಣಿತ್ತು. ಅವನ ಜನ ಕೋಟೆ ಕಟ್ಟುವ ಮೊದಲೇ 1682ರಲ್ಲಿ ಪೋರ್ಚುಗೀಜರು ಹೋಗಿ ಕುಳಿತರು. ಕೋಟೆ ಎದ್ದಿತು, ಇಗರ್ಜಿ ಎದ್ದಿತು. ಟಿಪ್ಪುವಿನ ಕಾಲದಲ್ಲಿ ಬಿದನೂರು, ಸೋಂದೆ ಕಡೆಯಿಂದ ಓಡಿಬಂದ ಕ್ರೈಸ್ತರಿಗೆ ಇದೇ ಆಶ್ರಯ. ಕೊನೆಕೊನೆಗೆ ಗೋವೆಯ ಕೈದಿಗಳನ್ನು ತಂದು ಬಿಡುವ ಜಾಗವೂ ಆಯಿತು.

ಮುಖ್ಯ ಸಂಗತಿ ಬರುವುದು ಮುಂದೆ. 1947ರಲ್ಲಿ ಬ್ರಿಟಿಷರು ಹೋದರೂ ಪೋರ್ಚುಗೀಜರು ಜಪ್ಪಯ್ಯ ಅನ್ನಲಿಲ್ಲ. 1956ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಎದುರಿಗಿದ್ದ ನಡುಗಡ್ಡೆಯ ಮೇಲೆ ಮಾತ್ರ ಲಿಸ್ಬನ್ನಿನ ಬಾವುಟ! 1961ರ ನವೆಂಬರಿನಲ್ಲಿ ಅಲ್ಲಿನ ಸೈನಿಕರು ಹಾದುಹೋಗುತ್ತಿದ್ದ 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿಸಿದರು. ಹಡಗಿನ ಇಂಜಿನಿಯರ್ ಗಾಯಗೊಂಡರು. ಅದೇ ತಿಂಗಳು ಮೀನುಗಾರರ ದೋಣಿಗಳ ಮೇಲೂ ಗುಂಡು ಬಿತ್ತು, ಒಬ್ಬ ಮೀನುಗಾರ ಪ್ರಾಣ ಬಿಟ್ಟ. ಹೊಟ್ಟೆಪಾಡಿಗೆ ಬಲೆ ಬೀಸಲು ಹೋದವನು ಅವನು. ದಿಲ್ಲಿಯ ತಾಳ್ಮೆ ಹರಿದದ್ದು ಆಮೇಲೆ.

ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಶುರುವಾದಾಗ ಅಂಜುದೀವದ ಪಾಲಿಗೆ ಬಂದದ್ದು 'ಮೈಸೂರು' ಮತ್ತು 'ತ್ರಿಶೂಲ್' ಎಂಬ ಎರಡು ಸಮರನೌಕೆಗಳು. ಹೆಸರಾದರೂ ನಮ್ಮದೇ ಬಂತಲ್ಲ! ದಂಡೆಗಿಳಿದ ನಾವಿಕರ ಮೇಲೆ ಮೇಲಿನಿಂದ ಗುಂಡಿನ ಮಳೆ. ಏಳು ಮಂದಿ ನಾವಿಕರು ಸತ್ತರು, ಹತ್ತಾರು ಮಂದಿಗೆ ಗಾಯ. ಹಡಗಿನ ಫಿರಂಗಿಗಳು ಬಾಯಿ ತೆರೆದ ಮೇಲೆ 19ರಂದು ನಡುಗಡ್ಡೆ ಕೈಗೆ ಬಂತು. ಆದರೂ ಮೂವರು ಬಂಡೆಗಳ ಸಂದಿಯಲ್ಲಿ ಅಡಗಿದ್ದರು. ಅವರಲ್ಲಿ ಒಬ್ಬ ಗೋವಾದ ಸಿಪಾಯಿ ಈಜಿಕೊಂಡು ದಡ ಸೇರಿ, 22ರಂದು ಸಿಕ್ಕಿಬಿದ್ದ. ಭಾರತದ ನೆಲದಲ್ಲಿ ಸೆರೆಸಿಕ್ಕ ಕೊನೆಯ ಪೋರ್ಚುಗೀಜ್ ಸಿಪಾಯಿ ಅವನೇ.

ಗೆದ್ದ ಮೇಲೆ ನಡುಗಡ್ಡೆ ಯಾರಿಗೆ? ಪೋರ್ಚುಗೀಜರ ಕೈಯಲ್ಲಿದ್ದದ್ದೆಲ್ಲ ಒಂದೇ ಗಂಟಿನಲ್ಲಿ ಗೋವಾ, ದಮನ್, ದೀವ್ ಕೇಂದ್ರಾಡಳಿತ ಪ್ರದೇಶಕ್ಕೆ ಹೋಯಿತು. ಅಂಜುದೀವವೂ ಆ ಗಂಟಿನೊಳಗೇ. 1987ರಲ್ಲಿ ಗೋವಾ ರಾಜ್ಯವಾದಾಗಲೂ ಹಾಗೇ ಉಳಿಯಿತು. ಭೂಗೋಳ ಕಾರವಾರದ ಕಡೆ ಮಾತಾಡಿದರೂ ಚರಿತ್ರೆಯ ದಾಖಲೆ ಗೋವಾದ ಕಡೆ ಇದೆ ಎಂಬುದನ್ನು ಒಪ್ಪಲೇಬೇಕು.

ಈಗ ನಡುಗಡ್ಡೆಯ ಮೇಲೆ ನಡೆಯುವುದು ಗೋವಾದ ಮಾತೂ ಅಲ್ಲ, ನೌಕಾಪಡೆಯ ಮಾತು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ 'ಕದಂಬ' ನೌಕಾನೆಲೆ ಕೆಲಸ ಶುರುಮಾಡಿತು. ಅರಗಾ, ಬಿಣಗಾ ಸುತ್ತಿನ ಸಾವಿರಾರು ಕುಟುಂಬಗಳು ಗದ್ದೆ, ಮನೆ, ದಂಡೆ ಬಿಟ್ಟು ಎದ್ದುಹೋದವು. ಸೀಬರ್ಡ್ ನಿರಾಶ್ರಿತರ ಪರಿಹಾರದ ಕೇಸುಗಳು ಕೋರ್ಟಿನ ಮೆಟ್ಟಿಲು ಹತ್ತಿ ವರ್ಷಗಟ್ಟಲೆ ಎಳೆದವು. ಅತ್ತ ಗೋವಾದ ಕ್ರೈಸ್ತರ ದುಃಖವೂ ಚಿಕ್ಕದಲ್ಲ. ಬ್ರೋಟಸ್ ಮಾತೆಯ ಇಗರ್ಜಿಗೆ ಫೆಬ್ರವರಿ 2ರಂದು, ಸಂತ ಫ್ರಾನ್ಸಿಸರ ಹಬ್ಬಕ್ಕೆ ಅಕ್ಟೋಬರ್ 4ರಂದು ದೋಣಿ ಕಟ್ಟಿಕೊಂಡು ಬರುತ್ತಿದ್ದ ಭಕ್ತರಿಗೆ ಭದ್ರತೆಯ ಕಾರಣ ಹೇಳಿ ದಾರಿ ಮುಚ್ಚಲಾಯಿತು. ದೇಶ ಕಾಯುವ ಕೆಲಸ ದೊಡ್ಡದು, ಸರಿ. ವರ್ಷಕ್ಕೆ ಎರಡು ದಿನ ಮೇಣದಬತ್ತಿ ಹಚ್ಚಿದರೆ ಯಾವ ಹಡಗು ಮುಳುಗುತ್ತದೆ ಎಂದು ಅವರು ಕೇಳಿದರೆ ತಪ್ಪೂ ಅಲ್ಲ.

ಇನ್ನೊಂದು ತಮಾಷೆ. ನೌಕಾನೆಲೆಗಾಗಿ ಸಮುದ್ರಕ್ಕೆ ಕಲ್ಲು ಸುರಿದು ಕಟ್ಟಿದ ಅಲೆತಡೆ ಗೋಡೆ ಅಂಜುದೀವವನ್ನು ದಡಕ್ಕೆ ಜೋಡಿಸಿಬಿಟ್ಟಿದೆ. ಅಂದರೆ ಅದು ಈಗ ಪೂರ್ತಿ ನಡುಗಡ್ಡೆಯೂ ಅಲ್ಲ. ಗೋವಾ ರಾಜ್ಯದ ಈ ತುಂಡು ನೆಲ ಕಲ್ಲಿನ ದಾರಿಯಲ್ಲಿ ಬಂದು ಸೇರಿರುವುದು ಕಾರವಾರ ತಾಲೂಕಿಗೆ. ನಡೆದು ಹೋಗಬಹುದಾದ ಆ ದಾರಿಯಲ್ಲಿ ಕಾರವಾರದವನಿಗೂ ಕಾಣಕೋಣದವನಿಗೂ ಪ್ರವೇಶವಿಲ್ಲ.