ಎಪ್ಸಮ್‌ನ ಏರು, ಇಳಿಜಾರು

ಲಂಡನ್ನಿನ ದಕ್ಷಿಣಕ್ಕೆ, ಸರ್ರೆಯ ಸುಣ್ಣಕಲ್ಲಿನ ಗುಡ್ಡದ ಮೇಲಿದೆ ಎಪ್ಸಮ್ ರೇಸ್ ಕೋರ್ಸ್. ಬೆಂಗಳೂರು, ಮೈಸೂರುಗಳಲ್ಲೂ ನಡೆಯುವ ಡರ್ಬಿಗಳಿಗೆಲ್ಲ ಮೂಲವಾದ ಓಟ 1780ರಲ್ಲಿ ಮೊದಲು ನಡೆದದ್ದು ಇಲ್ಲಿ. ಆಗ ಅದು ಒಂದೇ ಮೈಲಿ. 1784ರಲ್ಲಿ ಒಂದೂವರೆ ಮೈಲಿಯಾಯಿತು. ನೆಲ ಸಮ ಮಾಡಿ ಕಟ್ಟಿದ ಟ್ರ್ಯಾಕ್ ಇದಲ್ಲ. ಗುಡ್ಡ ಇದ್ದ ಹಾಗೆಯೇ ಅದರ ಮೇಲೆ ಲಾಳದ ಆಕಾರದ ದಾರಿ ಹಾದುಹೋಗಿದೆ. ಆದ್ದರಿಂದಲೇ ಇಲ್ಲಿ ಬರೀ ವೇಗ ಸಾಲದು.

ಓಟ ಶುರುವಾಗುವುದೇ ಏರಿನಲ್ಲಿ. ಅರ್ಧ ದಾರಿ ಮುಗಿಯುವಷ್ಟರಲ್ಲಿ ಕುದುರೆಗಳು ಸುಮಾರು 40 ಮೀಟರ್ ಎತ್ತರ ಹತ್ತಿರುತ್ತವೆ. ಇಲ್ಲೇ ಮುನ್ನುಗ್ಗಿದ ಕುದುರೆಗೆ ಕೊನೆಗೆ ದಮ್ಮು ಉಳಿಯುವುದಿಲ್ಲ. ನೆತ್ತಿ ದಾಟಿದರೆ ಇಳಿಜಾರು. ಅದರ ಬುಡದಲ್ಲಿ ಎಡಕ್ಕೆ ಹೊರಳುವ ಟ್ಯಾಟನ್‌ಹ್ಯಾಮ್ ಕಾರ್ನರ್. ನನ್ನ ಮಟ್ಟಿಗೆ ಡರ್ಬಿಯ ಜೀವ ಇರುವುದೇ ಈ ತಿರುವಿನಲ್ಲಿ. ಇಳಿಯುವಾಗ ಮೈಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ, ಹೆಜ್ಜೆ ತಾನಾಗಿ ನೀಳವಾಗುತ್ತದೆ. ಎಡಗಾಲು ಮುಂದಿಟ್ಟು ತಿರುಗಬೇಕಾದ ಹೊತ್ತು ಅದು. ದೊಡ್ಡ ಮೈಯ, ಉದ್ದ ಹೆಜ್ಜೆಯ ಕುದುರೆ ಅಲ್ಲಿ ತೂಕ ತಪ್ಪಿತೋ, ಹೊರಕ್ಕೆ ಸರಿದು ನೆಲ ಕಳೆದುಕೊಳ್ಳುತ್ತದೆ.

ಆಮೇಲಿನ ಮೂರೂವರೆ ಫರ್ಲಾಂಗ್ ನೇರ ದಾರಿಯೂ ಸುಲಭದ್ದಲ್ಲ. ಕೊನೆಯ ಸಣ್ಣ ಏರಿನವರೆಗೂ ಅದು ಇಳಿಯುತ್ತಲೇ ಇರುತ್ತದೆ. ಜೊತೆಗೆ ಅಡ್ಡಕ್ಕೂ ವಾಲಿದೆ: ಪ್ರೇಕ್ಷಕರ ಬದಿ ಎತ್ತರ, ಒಳಬೇಲಿಯ ಬದಿ ತಗ್ಗು. ದಣಿದ ಕುದುರೆ ತಗ್ಗಿನತ್ತ ಜಾರುತ್ತದೆ. ಬೇಲಿಯ ಪಕ್ಕದಲ್ಲಿ ಬರುತ್ತಿದ್ದವನಿಗೆ ದಾರಿ ಕಟ್ಟಿಹೋಗುತ್ತದೆ.

1986ರ ಡರ್ಬಿಗೆ ಡ್ಯಾನ್ಸಿಂಗ್ ಬ್ರೇವ್ ಸೋಲರಿಯದ ಕುದುರೆಯಾಗಿ, ಫೇವರಿಟ್ ಆಗಿ ಬಂದಿತ್ತು. ತಿರುವು ಮುಗಿದಾಗ ಅದು ಬಹಳ ಹಿಂದಿತ್ತು. ನೇರ ದಾರಿಯಲ್ಲಿ ಒಂದೊಂದಾಗಿ ಎಲ್ಲರನ್ನೂ ಹಿಂದಿಕ್ಕುತ್ತ ಬಂದರೂ ಶಹ್ರಸ್ತಾನಿಗೆ ಅರ್ಧ ಕುದುರೆಯಷ್ಟು ಅಂತರದಲ್ಲಿ ಸೋತಿತು. ತಪ್ಪೆಲ್ಲವನ್ನೂ ಜಾಕಿ ಗ್ರೆವಿಲ್ ಸ್ಟಾರ್ಕಿಯ ತಲೆಗೆ ಕಟ್ಟಿದವರು ಅನೇಕರು. ನಾನು ಇಳಿಜಾರಿಗೂ ದೊಡ್ಡ ಪಾಲು ಕೊಡುತ್ತೇನೆ. ಅದೇ ವರ್ಷ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಲಾಂಗ್‌ಶಾಂ ಟ್ರ್ಯಾಕಿನಲ್ಲಿ ಈ ಕುದುರೆ ಜಾಕಿ ಪ್ಯಾಟ್ ಎಡರಿಯೊಂದಿಗೆ ಮತ್ತೆ ಹಿಂದಿನಿಂದಲೇ ಬಂತು. ಅಲ್ಲಿ ಓಟ ಬಲಕ್ಕೆ ಸುತ್ತುತ್ತದೆ. ಏರಿಳಿತವಿದ್ದರೂ ಕೊನೆಯ ನೇರ ದಾರಿ ಸಮತಟ್ಟು, ಅಗಲ. ಎಲ್ಲರ ಹೊರಬದಿಯಿಂದ ನುಗ್ಗಿ ಆರ್ಕ್ ಡಿ ಟ್ರಿಯೋಂಫ್ ಓಟ ಗೆದ್ದಿತು. ಶಹ್ರಸ್ತಾನಿ ನಾಲ್ಕನೆಯದಾಯಿತು.

ಹಾಗೆಂದು ಎಪ್ಸಮ್‌ನ ನೆಲ ಅನ್ಯಾಯದ್ದೆಂದು ನನಗನ್ನಿಸುವುದಿಲ್ಲ. ಅದನ್ನು ಓದಬಲ್ಲವನಿಗೆ ಅದು ದಾರಿ ಬಿಡುತ್ತದೆ. ಒಳಬೇಲಿಗೆ ಅಂಟಿದ 1ನೇ ಗೇಟೆಂದರೆ ಡರ್ಬಿಯಲ್ಲಿ ಜಾಕಿಗಳಿಗೆ ಅಂಜಿಕೆ. ದಾರಿ ಮೊದಲು ಕೊಂಚ ಬಲಕ್ಕೆ ಬಾಗಿ ಆಮೇಲೆ ಎಡಕ್ಕೆ ಹೊರಳುವಾಗ ಮಿಕ್ಕವೆಲ್ಲ ಒತ್ತಿಕೊಂಡು ಬಂದು ಆ ಕುದುರೆಯನ್ನು ಮೂಲೆಗೆ ದೂಡುತ್ತವೆ. 2021ರಲ್ಲಿ ಅಡಾಯರ್‌ಗೆ ಸಿಕ್ಕಿದ್ದು ಅದೇ ಗೇಟು. ಜಾಕಿ ಆ್ಯಡಮ್ ಕರ್ಬಿ ಹೊರಗೆ ಸುತ್ತಿ ಬರುವ ಗೋಜಿಗೆ ಹೋಗಲಿಲ್ಲ. ನೇರ ದಾರಿಯಲ್ಲಿ ಬೇಲಿಯ ಪಕ್ಕ ತೆರೆದ ಸಂದಿಯಲ್ಲೇ ಕುದುರೆ ನುಗ್ಗಿಸಿ, ನಾಲ್ಕೂವರೆ ಕುದುರೆಯುದ್ದದ ಅಂತರದಲ್ಲಿ ಗೆದ್ದ.